ಎಂಟು ಘಟ್ಟಗಳ ಪಂದ್ಯ

ಸೈಕಲ್ ಪಂದ್ಯವೊಂದರ ವಿಷಯವಾಗಿ ಮಾತನಾಡಲು ಕನ್ನಡದ ಮೇಷ್ಟರೊಬ್ಬ ಧ್ವನಿವರ್ಧಕದ ಮುಂದೆ ಕುಳಿತಿದ್ದಾನೆಂದರೆ ಕೇಳುಗರಿಗೆ ಸಂಶಯ ಬರುವುದು ಸಹಜವೇ. ನನಗೂ ಸೈಕಲ್ಲಿಗೂ ಇದ್ದ ಸಂಬಂಧ ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಮನೆಗೆ ಎಂಬಷ್ಟರದು. ಮಳೆಗಾಲದಲ್ಲಿ ಅದನ್ನು ನಾನು ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಆದರೂ ಕಂಡದ್ದನ್ನು ಹೇಳುವುದಕ್ಕೆ ಪರಿಣತಿಯ ಪ್ರಮಾಣಪತ್ರ ಬೇಕಿಲ್ಲವೆಂಬ ಧೈರ್ಯದಿಂದ, ಪರದೇಶದ ಬೆಟ್ಟವೊಂದರ ನೆತ್ತಿಯಲ್ಲಿ ನಾನು ಕಳೆದ ಒಂದು ದಿನದ ಕಥೆಯನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

2025ರ ಬೇಸಿಗೆಯನ್ನು ನಾನು ಮಗಳ ಮನೆಯಲ್ಲಿ ಕಳೆದೆ. ಆಕೆ ಇರುವುದು ಫ್ರಾನ್ಸ್ ದೇಶದ ಗ್ರೆನೋಬ್ಲ್ ಎಂಬ ಊರಿನಲ್ಲಿ. ಅಲ್ಲಿನ ಪ್ರಯೋಗಾಲಯವೊಂದರಲ್ಲಿ ಅವಳಿಗೆ ಕೆಲಸ. ಆಲ್ಪ್ಸ್ ಪರ್ವತಗಳ ಮಡಿಲಿನಲ್ಲಿರುವ ಆ ಊರನ್ನು ಮೂರು ಗಿರಿಶ್ರೇಣಿಗಳು ಸುತ್ತುವರಿದಿವೆ: ಒಂದು ಕಡೆ ಶಾರ್ತ್ರೂಸ್, ಇನ್ನೊಂದು ಕಡೆ ವೆರ್ಕೋರ್, ಮತ್ತೊಂದು ಕಡೆ ಬೆಲ್ದೋನ್. ಜೂನ್ ತಿಂಗಳಲ್ಲೂ ಬೆಲ್ದೋನಿನ ಮೇಲೆ ಹಿಮದ ಗೆರೆಗಳು ಉಳಿದಿದ್ದವು. ಬೆಳಗಿನ ಕಾಫಿ ಹಿಡಿದು ಮಹಡಿಯ ಮೊಗಸಾಲೆಯಲ್ಲಿ ಕುಳಿತು ಆ ಬಿಳಿಯ ಗೆರೆಗಳನ್ನು ನೋಡುವುದೇ ನನ್ನ ದಿನದ ಮೊದಲ ಉದ್ಯೋಗವಾಗಿತ್ತು. ಎರಡನೆಯ ಉದ್ಯೋಗವನ್ನು ಮಗಳು ಒದಗಿಸಿದಳು. "ಅಪ್ಪ, ಈ ವಾರ ದೋಫಿನೇ ಇದೆ. ಶನಿವಾರ ಬೆಟ್ಟಕ್ಕೆ ಹೋಗೋಣ" ಎಂದಳು.

ದೋಫಿನೇ ಎಂಬುದು ವೃತ್ತಿಪರ ಸವಾರರ ಒಂದು ಸೈಕಲ್ ಪಂದ್ಯ. ಎಂಟು ದಿನ ನಡೆಯುತ್ತದೆ. ದಿನವೂ ಹೊಸ ದಾರಿ. ಪ್ರತಿದಿನ ಸವಾರನೊಬ್ಬ ತೆಗೆದುಕೊಂಡ ಕಾಲವನ್ನು ಹಿಂದಿನ ದಿನಗಳ ಕಾಲಕ್ಕೆ ಕೂಡುತ್ತಾ ಹೋಗುತ್ತಾರೆ. ಎಂಟನೆಯ ದಿನದ ಸಂಜೆ ಯಾರ ಒಟ್ಟು ಕಾಲ ಎಲ್ಲರಿಗಿಂತ ಕಡಿಮೆಯೋ ಅವನು ಗೆದ್ದಂತೆ. ಒಂದೊಂದು ದಿನದ ದಾರಿಯನ್ನು ಏನೆಂದು ಕರೆಯಬೇಕು ಎಂದು ನಾನು ಯೋಚಿಸಿದೆ. ನಮ್ಮ ಭಾಷೆ ಅದಕ್ಕೊಂದು ಮಾತನ್ನು ಮೊದಲೇ ಸಿದ್ಧಪಡಿಸಿ ಇಟ್ಟಿದೆ: ಘಟ್ಟ. ಕನ್ನಡದಲ್ಲಿ ಘಟ್ಟವೆಂದರೆ ಬೆಟ್ಟದ ಸಾಲೂ ಹೌದು, ಕೆಲಸದ ಒಂದು ಹಂತವೂ ಹೌದು. ಆ ಪಂದ್ಯದ ಕೊನೆಯ ಮೂರು ದಿನಗಳಲ್ಲಿ ಈ ಎರಡು ಅರ್ಥಗಳೂ ಒಂದೇ ಆಗಿಬಿಡುತ್ತವೆ, ಘಟ್ಟವೇ ಘಟ್ಟ.

ಸೈಕಲ್ ಪಂದ್ಯವೆಂದರೆ ಒಬ್ಬೊಬ್ಬನೂ ತನ್ನ ಶಕ್ತಿಯಿದ್ದಷ್ಟು ತುಳಿಯುವುದು ಎಂದು ನಾನು ತಿಳಿದಿದ್ದೆ. ಅದು ತಪ್ಪು ತಿಳಿವಳಿಕೆ. ತಂಡಕ್ಕೆ ಏಳು ಮಂದಿ. ಆ ಏಳರಲ್ಲಿ ಗೆಲ್ಲಬೇಕಾದವನು ಒಬ್ಬನೇ. ಉಳಿದ ಆರು ಮಂದಿ ಅವನಿಗಾಗಿ ತುಳಿಯುತ್ತಾರೆ. ಸಮತಟ್ಟಾದ ದಾರಿಯಲ್ಲಿ ವೇಗವಾಗಿ ಹೋಗುವ ಸವಾರನ ನಿಜವಾದ ಶತ್ರು ಗಾಳಿ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಅವನ ಶ್ರಮದಲ್ಲಿ ಸುಮಾರು ಮೂರನೆಯ ಒಂದು ಭಾಗ ಉಳಿಯುತ್ತದೆಯಂತೆ. ಆದ್ದರಿಂದ ಸಹಾಯಕರು ಸರದಿಯ ಮೇಲೆ ಮುಂದೆ ನಿಂತು ಗಾಳಿಯನ್ನು ಸೀಳುತ್ತಾರೆ. ನಾಯಕ ನೆರಳಿನಲ್ಲಿ ಉಳಿಯುತ್ತಾನೆ. ನೀರು ಬೇಕಾದಾಗ ಒಬ್ಬ ಸಹಾಯಕ ಹಿಂದೆ ಸರಿದು ತಂಡದ ಕಾರಿನ ಬಳಿ ಹೋಗುತ್ತಾನೆ; ಅಂಗಿಯ ಬೆನ್ನಿನ ಜೇಬುಗಳಲ್ಲಿ, ಕತ್ತಿನ ಹಿಂದೆ, ಎಲ್ಲೆಂದರಲ್ಲಿ ನೀರಿನ ಸೀಸೆಗಳನ್ನು ತುರುಕಿಕೊಂಡು ಮತ್ತೆ ಎಲ್ಲರನ್ನೂ ದಾಟಿ ಮುಂದೆ ಬಂದು ಹಂಚುತ್ತಾನೆ. ಏರು ಶುರುವಾಯಿತೆಂದರೆ ಈ ಆಶ್ರಯವೂ ತೆಳುವಾಗುತ್ತದೆ. ವೇಗ ತಗ್ಗುತ್ತದೆ, ಗಾಳಿಯ ಮಾತು ಮುಗಿಯುತ್ತದೆ, ಭೂಮಿಯ ಸೆಳೆತದ ಮಾತು ಆರಂಭವಾಗುತ್ತದೆ. ಸಹಾಯಕರು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಾರೆ. ಕೊನೆಗೆ ನಾಯಕರು ಮಾತ್ರ ಉಳಿಯುತ್ತಾರೆ.

ಫ್ರಾನ್ಸಿನಲ್ಲಿ ಜುಲೈ ತಿಂಗಳಲ್ಲಿ ನಡೆಯುವ ಟೂರ್ ದ ಫ್ರಾನ್ಸ್ ಎಂಬ ಮಹಾಪಂದ್ಯದ ಹೆಸರನ್ನು ನೀವೆಲ್ಲ ಕೇಳಿರುತ್ತೀರಿ. ಅದು ಇಪ್ಪತ್ತೊಂದು ಘಟ್ಟಗಳ, ಮೂರು ವಾರಗಳ ಸಾಹಸ. ಮೇಷ್ಟರ ಚಾಳಿ ಬಿಡಲಾರದೆ ನಾನು ಅದನ್ನು ಮಹಾಕಾವ್ಯವೆಂದೂ ದೋಫಿನೇಯನ್ನು ಖಂಡಕಾವ್ಯವೆಂದೂ ಮನಸ್ಸಿನಲ್ಲೇ ವಿಂಗಡಿಸಿಕೊಂಡೆ. ಮಹಾಕಾವ್ಯದಲ್ಲಿ ಕವಿ ಒಂದು ಆಶ್ವಾಸದಲ್ಲಿ ಸೊರಗಿದರೆ ಮುಂದಿನದರಲ್ಲಿ ಚೇತರಿಸಿಕೊಳ್ಳಬಹುದು. ಹದಿನೆಂಟು ವರ್ಣನೆಗಳಲ್ಲಿ ಒಂದೆರಡು ಸಪ್ಪೆಯಾದರೆ ಓದುಗ ಕ್ಷಮಿಸುತ್ತಾನೆ. ಖಂಡಕಾವ್ಯಕ್ಕೆ ಆ ಸೌಲಭ್ಯವಿಲ್ಲ. ಎಂಟೇ ದಿನದ ಪಂದ್ಯದಲ್ಲಿ ಒಂದು ದಿನ ಕೆಟ್ಟರೆ ಅದನ್ನು ತುಂಬಿಕೊಳ್ಳಲು ಉಳಿದ ದಿನಗಳೇ ಸಾಲುವುದಿಲ್ಲ.

ಈ ಪಂದ್ಯದ ಹೆಸರಿನ ಒಳಗೇ ಒಂದು ಇತಿಹಾಸವಿದೆ. ದೋಫಿನೇ ಎಂಬುದು ಆ ಪರ್ವತಸೀಮೆಯ ಹಳೆಯ ಹೆಸರು. ಅಲ್ಲಿನ ಪಾಳೆಯಗಾರರಿಗೆ ದೋಫ್ಯಾಂ, ಅಂದರೆ ಡಾಲ್ಫಿನ್ ಎಂಬ ಬಿರುದಿತ್ತು. 1349ರಲ್ಲಿ ಆ ವಂಶದ ಕೊನೆಯ ದೊರೆ ತನ್ನ ಸೀಮೆಯನ್ನು ಫ್ರಾನ್ಸಿನ ಅರಮನೆಗೆ ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ಫ್ರಾನ್ಸಿನ ಪಟ್ಟಕ್ಕೆ ಬರಬೇಕಾದ ಯುವರಾಜನಿಗೆ ದೋಫ್ಯಾಂ ಎಂಬ ಹೆಸರಾಯಿತು. ಎಂದರೆ ದೋಫಿನೇ ಯುವರಾಜನ ಸೀಮೆ.

ಆ ಹೆಸರು ಪಂದ್ಯಕ್ಕೆ ಬಂದದ್ದು ಒಂದು ವೃತ್ತಪತ್ರಿಕೆಯ ಮೂಲಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ರೆನೋಬ್ಲಿನ ಸುತ್ತಲಿನ ಬೆಟ್ಟಗಳು ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದವರ ನೆಲೆಗಳಾಗಿದ್ದವು. ಮಗಳ ಮನೆಯಿಂದ ಕಾಣುವ ವೆರ್ಕೋರ್ ಪ್ರಸ್ಥಭೂಮಿಯ ಮೇಲೆ 1944ರ ಜುಲೈಯಲ್ಲಿ ಜರ್ಮನ್ ಸೈನ್ಯ ಎರಗಿತು. ಹೋರಾಟಗಾರರೂ ಹಳ್ಳಿಗರೂ ಸೇರಿ ನೂರಾರು ಜನ ಸತ್ತರು. ವಾಸಿಯೋ ಎಂಬ ಹಳ್ಳಿ ನೆಲಸಮವಾಯಿತು. ಬಿಡುಗಡೆಯ ನಂತರ, 1945ರಲ್ಲಿ, ಗ್ರೆನೋಬ್ಲಿನಲ್ಲಿ ಪತ್ರಿಕೆಯೊಂದು ಹುಟ್ಟಿತು. ಅದರ ಹೆಸರು ಲ ದೋಫಿನೇ ಲಿಬೇರೇ, 'ಬಿಡುಗಡೆಯಾದ ದೋಫಿನೇ' ಎಂದು ಅರ್ಥ. ಆ ಪತ್ರಿಕೆ 1947ರಲ್ಲಿ ಈ ಸೈಕಲ್ ಪಂದ್ಯವನ್ನು ಆರಂಭಿಸಿ ತನ್ನ ಹೆಸರನ್ನೇ ಇಟ್ಟಿತು. ಮೊದಲ ವರ್ಷ ಗೆದ್ದವರು ಪೋಲೆಂಡ್ ಮೂಲದ ಕ್ಲಾಬಿನ್‌ಸ್ಕಿ. ಪತ್ರಿಕೆಗೆ ಓದುಗರು ಬೇಕಾಗಿದ್ದರು ಎಂಬುದು ನಿಜವೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಎರಡು ಮೂರು ವರ್ಷಗಳ ಹಿಂದೆ ಯಾವ ದಾರಿಗಳಲ್ಲಿ ಶತ್ರುವಿನ ಲಾರಿಗಳು ಓಡಾಡಿದ್ದವೋ ಅವೇ ದಾರಿಗಳ ಬದಿಯಲ್ಲಿ ಹಳ್ಳಿಯ ಜನ ಮಕ್ಕಳನ್ನು ಹೆಗಲಿಗೇರಿಸಿ ಸೈಕಲ್ ನೋಡಲು ನಿಂತಾಗ, ಲಿಬೇರೇ ಎಂಬ ಮಾತಿಗೆ ಪತ್ರಿಕೆಯ ಹೆಸರಿಗಿಂತ ಹೆಚ್ಚಿನ ಅರ್ಥವಿದ್ದಿರಬೇಕು.

ಇಷ್ಟು ಗಂಭೀರವಾದ ಜನ್ಮವುಳ್ಳ ಪಂದ್ಯದ ಬಗ್ಗೆ ನಾನು ಕೇಳಿದ ಮೊದಲ ಮಾತು ಮಾತ್ರ ಸ್ವಲ್ಪ ನಿರಾಸೆಯದು. ಅಳಿಯಂದಿರು ಹೇಳಿದರು, ದೂರದರ್ಶನದವರು ಹೇಳಿದರು, ರೊಟ್ಟಿ ಅಂಗಡಿಯವನೂ ಹೇಳಿದನಂತೆ: ಇದೊಂದು ತಯಾರಿ. ಟೂರ್ ಶುರುವಾಗಲು ಇನ್ನು ಕೆಲವೇ ವಾರಗಳಿವೆ. ದೊಡ್ಡವರು ಇಲ್ಲಿ ಕಾಲು ಪಳಗಿಸಿಕೊಳ್ಳುತ್ತಾರೆ, ಒಬ್ಬರನ್ನೊಬ್ಬರು ಅಳೆದು ನೋಡುತ್ತಾರೆ, ಅಷ್ಟೆ. ಯುವರಾಜನ ಸೀಮೆಯ ಪಂದ್ಯಕ್ಕೆ ಯುವರಾಜನ ಹಣೆಬರಹವೇ ಬಂದಿತ್ತು. ಅವನ ಬದುಕೆಲ್ಲ ಮುಂದಿನ ಪಟ್ಟಕ್ಕೆ ಪೀಠಿಕೆ. ಎಲ್ಲ ಯುವರಾಜರಿಗೂ ಪಟ್ಟ ಸಿಕ್ಕುವುದಿಲ್ಲ ಎಂಬುದು ಮೈಸೂರಿನವರಿಗೆ ಗೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮಂದಿರಾದ ಕಂಠೀರವ ನರಸಿಂಹರಾಜ ಒಡೆಯರು ಯುವರಾಜರಾಗಿಯೇ ಉಳಿದು, ಅಣ್ಣನವರಿಗಿಂತ ಕೆಲವು ತಿಂಗಳು ಮೊದಲು 1940ರಲ್ಲಿ ತೀರಿಕೊಂಡರು. ಪಟ್ಟವಾಗಲಿಲ್ಲವೆಂದು ಅವರ ಬದುಕು ಬರಿಯ ಮುನ್ನುಡಿಯಾಗಿತ್ತು ಎನ್ನಲಾದೀತೆ?

ಶನಿವಾರ, ಜೂನ್ 14ರಂದು, ನಾವು ಬೆಳಗ್ಗೆಯೇ ಕಾರಿನಲ್ಲಿ ಹೊರಟೆವು. ಹೋಗಬೇಕಾಗಿದ್ದುದು ಕ್ರುವಾ ದ ಫೇರ್ ಎಂಬ ಕಣಿವೆಯ ದಾರಿಗೆ. ಕಬ್ಬಿಣದ ಶಿಲುಬೆ ಎಂದು ಅದರ ಅರ್ಥ. ದಾರಿ ಎರಡು ಸಾವಿರ ಮೀಟರಿಗೂ ಮೀರಿದ ಎತ್ತರವನ್ನು ದಾಟುತ್ತದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಅದು ಮೇಲೆ. ಸವಾರರು ಆ ದಿನ ಮೊದಲು ಮದ್ಲೇನ್ ಎಂಬ, ಹೆಚ್ಚುಕಡಿಮೆ ಅಷ್ಟೇ ಎತ್ತರದ ಇನ್ನೊಂದು ಘಟ್ಟವನ್ನು ಹತ್ತಿ ಇಳಿದು, ಕಣಿವೆಯ ತಳದಿಂದ ಸುಮಾರು ಒಂದೂವರೆ ಸಾವಿರ ಮೀಟರು ಮೇಲೇರಿ ಇಲ್ಲಿಗೆ ಬರಬೇಕು. ಆಗುಂಬೆಯ ಘಾಟಿಯನ್ನು ಒಂದರ ಮೇಲೊಂದರಂತೆ ಮೂರು ಸಲ ಪೇರಿಸಿದಂತೆ ಎಂದು ನನಗನ್ನಿಸಿತು. ಇಷ್ಟಾದ ಮೇಲೂ ದಿನ ಮುಗಿಯುವುದಿಲ್ಲ. ಮತ್ತೆ ಇಳಿದು ವಾಲ್ಮೆನಿಯೇ ಎಂಬ ಮೂರನೆಯ ಬೆಟ್ಟವನ್ನು ಹತ್ತಿದಾಗಲೇ ಗುರಿ.

ದಾರಿ ಮುಚ್ಚಿದ್ದ ಕಡೆ ಕಾರು ನಿಲ್ಲಿಸಿ ನಡೆದೆವು. ನನ್ನ ಮೊಣಕಾಲು ಪ್ರತಿ ತಿರುವಿನಲ್ಲೂ ತನ್ನ ಅಭಿಪ್ರಾಯವನ್ನು ತಿಳಿಸುತ್ತಿತ್ತು. ಕೊನೆಗೆ ಬಂಡೆಯೊಂದರ ಬಳಿ ಜಾಗ ಹಿಡಿದು ಕುಳಿತೆವು. ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ವಯಸ್ಸಾದವರೊಬ್ಬರು ಕುಳಿತಿದ್ದರು. ನನಗಿಂತ ಹತ್ತು ವರ್ಷವಾದರೂ ಹಿರಿಯರು. ಗ್ರೆನೋಬ್ಲಿನ ಹತ್ತಿರದ ಹಳ್ಳಿಯವರಂತೆ. ನನಗೆ ಫ್ರೆಂಚ್ ಬರದು, ಅವರಿಗೆ ಬೇರೆ ಮಾತು ಬರದು. ಮಗಳು ನಡುವೆ ಕುಳಿತು ದ್ವಿಭಾಷಿಯಾದಳು. ನಾನು ಮೊದಲು ಕೇಳಿದ್ದೇ, ಇದು ಬರಿಯ ತಯಾರಿಯಂತೆ ಹೌದೇ ಎಂದು. "ಹೌದು, ತಯಾರಿ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ 1977ರಲ್ಲಿ ಇನೋ ಬಿದ್ದಾಗ ಅವನು ಸತ್ತನೆಂದೇ ನಾನು ತಿಳಿದಿದ್ದೆ" ಎಂದು ಸೇರಿಸಿದರು.

ಬೆರ್ನಾರ್ ಇನೋ ಮುಂದೆ ಐದು ಸಲ ಟೂರ್ ಗೆದ್ದ ಮಹಾಸವಾರ. 1977ರಲ್ಲಿ ಅವನಿಗೆ 22 ವರ್ಷ. ಟೂರಿಗೆ ಅವನಿನ್ನೂ ಕಾಲಿಟ್ಟಿರಲಿಲ್ಲ. ಆ ವರ್ಷದ ದೋಫಿನೇಯಲ್ಲಿ ಗ್ರೆನೋಬ್ಲಿನ ಮೇಲಿರುವ ಪೋರ್ತ್ ಘಟ್ಟದಿಂದ ಎಲ್ಲರಿಗಿಂತ ಮುಂದಾಗಿ ಇಳಿಯುತ್ತಿದ್ದವನು ತಿರುವೊಂದರಲ್ಲಿ ಹಿಡಿತ ತಪ್ಪಿ ಸೈಕಲ್ ಸಮೇತ ರಸ್ತೆಯಂಚಿನ ಕಮರಿಗೆ ಹಾರಿಹೋದ. ದೂರದರ್ಶನದ ಕ್ಯಾಮೆರಾ ಹಿಂದೆಯೇ ಇತ್ತು. ನೋಡುತ್ತಿದ್ದವರ ಕಣ್ಣೆದುರಿಗೆ ರಸ್ತೆ ಬರಿದಾಯಿತು. ಆಮೇಲೆ ಕಮರಿಯಿಂದ ಅವನು ಹತ್ತಿ ಬಂದ. ಬೇರೆ ಸೈಕಲ್ ತೆಗೆದುಕೊಂಡು ಊರಿಗೆ ಇಳಿದು, ಊರಿನ ಮೇಲಿನ ಕೋಟೆಯ ಕಡಿದಾದ ಏರನ್ನು ಹತ್ತಿ, ಆ ದಿನದ ಘಟ್ಟವನ್ನೂ ಗೆದ್ದ, ಪಂದ್ಯವನ್ನೂ ಗೆದ್ದ. ಅವನು ಮೊದಲ ಸಲ ಟೂರ್ ಗೆದ್ದದ್ದು ಮುಂದಿನ ವರ್ಷ. ಆದರೆ ನನ್ನ ಪಕ್ಕದ ಮುದುಕರ ಪಾಲಿಗೆ ಇನೋ ಎಂಬ ಮನುಷ್ಯ ಹುಟ್ಟಿದ್ದು ಆ ಕಮರಿಯಲ್ಲೇ. ತಯಾರಿಯಲ್ಲಿ ಯಾರೂ ಹಾಗೆ ಬೀಳುವುದಿಲ್ಲ. ತಯಾರಿಗಾಗಿ ಯಾರೂ ಹಾಗೆ ಏಳುವುದೂ ಇಲ್ಲ.

ಮಾತು ಆರಂಭವಾದ ಮೇಲೆ ಹಳೆಯದೆಲ್ಲ ಹೊರಗೆ ಬಂತು. 1965ರ ಕಥೆ ಎಲ್ಲಕ್ಕಿಂತ ವಿಚಿತ್ರವಾದುದು. ಜಾಕ್ ಆಂಕ್ಟೀಲ್ ಆ ಹೊತ್ತಿಗೆ ಐದು ಸಲ ಟೂರ್ ಗೆದ್ದು ಮುಗಿಸಿದ್ದ. ಗೆದ್ದರೂ ಜನರ ಪ್ರೀತಿ ಅವನಿಗೆ ಸಿಕ್ಕಿರಲಿಲ್ಲ. ಜನ ಪ್ರೀತಿಸುತ್ತಿದ್ದುದು ಅವನೆದುರು ಸೋಲುತ್ತಿದ್ದ ರೇಮೋಂ ಪುಲಿದೋರ್ ಎಂಬವನನ್ನು. ಲೆಕ್ಕ ಹಾಕಿ ಗೆಲ್ಲುವವನು ಎಂಬ ಅಪವಾದ ಆಂಕ್ಟೀಲನ ಮೇಲಿತ್ತು. ಆ ವರ್ಷ ಅವನು ಟೂರಿಗೆ ಹೋಗಲೇ ಇಲ್ಲ. ಬದಲಿಗೆ ದೋಫಿನೇಯಲ್ಲಿ ಪುಲಿದೋರನನ್ನು ಸೋಲಿಸಿದ. ಪಂದ್ಯ ಮುಗಿದ ಸಂಜೆಯೇ ವಿಮಾನ ಹತ್ತಿ ಬೋರ್ದೋ ನಗರಕ್ಕೆ ಹಾರಿದ. ಅಲ್ಲಿಂದ ಅದೇ ರಾತ್ರಿ ಬೋರ್ದೋ-ಪ್ಯಾರಿಸ್ ಪಂದ್ಯ ಹೊರಡುವುದಿತ್ತು. ಒಂದೇ ಬೀಸಿನಲ್ಲಿ 557 ಕಿಲೋಮೀಟರು. ಎಂಟು ದಿನ ಬೆಟ್ಟ ಹತ್ತಿದ ಕಾಲುಗಳಲ್ಲಿ, ನಿದ್ರೆಯಿಲ್ಲದೆ, ಕತ್ತಲಲ್ಲಿ ಹೊರಟ. ನಡುವೆ ಬಿಟ್ಟುಬಿಡುವ ಸ್ಥಿತಿಗೆ ಬಂದನಂತೆ. ತಂಡದ ಮೇಲ್ವಿಚಾರಕ ಜೆಮಿನಿಯಾನಿ ಕೆಣಕಿ ಮಾತನಾಡಿದ ಮೇಲೆ ಹಟ ಹಿಡಿದು ತುಳಿದು, ಮರುದಿನ ಪ್ಯಾರಿಸಿನಲ್ಲಿ ಮೊದಲಿಗನಾಗಿ ಗುರಿ ಮುಟ್ಟಿದ. ಐದು ಟೂರ್‌ಗಳು ಕೊಡದಿದ್ದ ಆದರವನ್ನು ಆ ಒಂದು ಸಂಜೆ ಮತ್ತು ಒಂದು ರಾತ್ರಿ ಅವನಿಗೆ ಕೊಟ್ಟವು.

ಮೂರನೆಯ ಕಥೆ 1984ರದು. ಕೊಲಂಬಿಯಾ ದೇಶದ ಹವ್ಯಾಸಿ ಸವಾರರು ಆ ವರ್ಷ ದೋಫಿನೇಗೆ ಬಂದಿದ್ದರು. ಆಂಡೀಸ್ ಪರ್ವತದ ಎತ್ತರದಲ್ಲಿ ಹುಟ್ಟಿ ಬೆಳೆದ ಹುಡುಗರು. ಏರು ಅವರಿಗೆ ಮನೆಯಂಗಳ. ಆದರೆ ಯುರೋಪಿನವರ ಕಣ್ಣಿಗೆ ಅವರು ಹೊರಗಿನವರು, ದಾರಿ ತಪ್ಪಿ ಬಂದ ಅತಿಥಿಗಳು. ಅವರಲ್ಲೊಬ್ಬ ಮಾರ್ಟಿನ್ ರಾಮಿರೆಸ್. ಕೊನೆಯ ದಿನದ ಹೊತ್ತಿಗೆ ಪಟ್ಟದಲ್ಲಿದ್ದವನು ಅವನು. ಕೆಲವೇ ಸೆಕೆಂಡುಗಳ ಹಿಂದೆ, ಆ ವೇಳೆಗೆ ನಾಲ್ಕು ಸಲ ಟೂರ್ ಗೆದ್ದಿದ್ದ ಅದೇ ಇನೋ. ಬಲಿಷ್ಠ ತಂಡಗಳಲ್ಲಿ ನೆರವಾಗುವವರು ಇರುತ್ತಾರೆ. ರಾಮಿರೆಸ್‌ಗೆ ಇದ್ದವರು ತನ್ನಂತೆಯೇ ದೂರದಿಂದ ಬಂದ ಗೆಳೆಯರು. ಆದರೂ ಅವನು ಆ ಅಂತರವನ್ನು ಬಿಟ್ಟುಕೊಡಲಿಲ್ಲ. ಮುಂದಿನ ತಿಂಗಳು ಅವನ ದೇಶದ ಲೂಯಿಸ್ ಎರ್ರೆರಾ ಟೂರ್‌ನಲ್ಲಿ ಆಲ್ಪ್ ದ್ಯುಯೇಜ್ ಬೆಟ್ಟದ ಘಟ್ಟವನ್ನು ಗೆದ್ದ. ಎರ್ರೆರಾ 1988ರಲ್ಲಿ, 1991ರಲ್ಲಿ ದೋಫಿನೇಯನ್ನೂ ಗೆದ್ದ. ಕೊಲಂಬಿಯಾದವನೊಬ್ಬ ಟೂರ್ ಗೆಲ್ಲಲು 2019ರವರೆಗೆ ಕಾಯಬೇಕಾಯಿತು. ಅದನ್ನು ಗೆದ್ದವನು ಏಗನ್ ಬೆರ್ನಾಲ್. ಆದರೆ ಬಾಗಿಲು ತೆರೆದದ್ದು ಈ ಸಣ್ಣ ಪಂದ್ಯದಲ್ಲಿ.

ಇಷ್ಟು ಕೇಳುವ ಹೊತ್ತಿಗೆ ಕೆಳಗಿನ ತಿರುವುಗಳಲ್ಲಿ ಗದ್ದಲ ಎದ್ದಿತು. ಮೋಟಾರು ಸೈಕಲ್ಲುಗಳು, ಮೇಲೆ ಹೆಲಿಕಾಪ್ಟರಿನ ಸದ್ದು, ಆಮೇಲೆ ಮುಂದಿನ ಸವಾರರು. ದೂರದರ್ಶನದಲ್ಲಿ ಕಾಣದ ಒಂದು ಸಂಗತಿ ನನಗೆ ಅಲ್ಲಿ ತಿಳಿಯಿತು: ಉಸಿರಿನ ಸದ್ದು. ತೋಳಿನಷ್ಟು ದೂರದಲ್ಲಿ ಹಾದುಹೋಗುವ ಮನುಷ್ಯನ ಎದೆಯಿಂದ ಬರುವ ಆ ಸದ್ದನ್ನು ಒಮ್ಮೆ ಕೇಳಿದವರು ಇದನ್ನು ಆಟವೆಂದು ಕರೆಯಲು ಹಿಂಜರಿದಾರು. ಸ್ಲೊವೇನಿಯಾದ ಪೊಗಾಚರ್, ಡೆನ್ಮಾರ್ಕಿನ ವಿಂಗೆಗೋ ಎಂದು ಮಗಳು ಕೂಗಿ ಹೇಳಿದಳು. ತಲೆಗೆ ಶಿರಸ್ತ್ರಾಣ, ಕಣ್ಣಿಗೆ ಕಪ್ಪು ಕನ್ನಡಕ. ಯಾರು ಯಾರೆಂದು ತಿಳಿಯುವಷ್ಟರಲ್ಲಿ ಅವರು ಮುಂದಿನ ತಿರುವಿನಲ್ಲಿ ಮರೆಯಾಗಿದ್ದರು. ಆ ದಿನವನ್ನೂ ಮರುದಿನ ಪಂದ್ಯವನ್ನೂ ಗೆದ್ದವನು ಪೊಗಾಚರ್. ವಿಂಗೆಗೋ ಒಂದು ನಿಮಿಷಕ್ಕೂ ಕಡಿಮೆ ಅಂತರದಲ್ಲಿ ಎರಡನೆಯವನಾದ.

ನಾನು ಏಳಲು ಹೊರಟಾಗ ಹಿರಿಯರು ಕೈ ಹಿಡಿದು ಕೂರಿಸಿದರು. ಇನ್ನೂ ಇದ್ದಾರೆ ಎಂದರು. ಹೌದು, ಇನ್ನೂ ಇದ್ದರು. ಇಬ್ಬರು, ಮೂವರು, ಒಬ್ಬ, ಹೀಗೆ ಬರುತ್ತಲೇ ಇದ್ದರು. ಬಹಳ ಹೊತ್ತಾದ ಮೇಲೆ ಒಂದು ದೊಡ್ಡ ಗುಂಪು ಬಂತು. ಗಾಳಿ ಸೀಳಿ ಸೀಳಿ ದಣಿದ ಸಹಾಯಕರು, ಸಮತಟ್ಟು ನೆಲದಲ್ಲಿ ಮಿಂಚಿ ಏರಿನಲ್ಲಿ ಸೋಲುವ ದಪ್ಪ ಮೈಯ ವೇಗಗಾರರು, ಹಿಂದಿನ ದಿನ ಬಿದ್ದು ಮೊಣಕೈಗೆ ಬಟ್ಟೆ ಸುತ್ತಿಕೊಂಡವರು. ಪ್ರತಿದಿನಕ್ಕೂ ಒಂದು ಕಾಲಮಿತಿಯಿದೆ. ಗೆದ್ದವನಿಗಿಂತ ಇಂತಿಷ್ಟರೊಳಗೆ ಬಾರದವನು ಮರುದಿನ ಹೊರಡುವಂತಿಲ್ಲ. ಅದಕ್ಕೇ ಹಿಂದುಳಿದವರೆಲ್ಲ ತಂಡದ ಭೇದ ಮರೆತು ಒಂದಾಗಿ, ನಿಮಿಷಗಳನ್ನು ಎಣಿಸುತ್ತಾ ಹತ್ತುತ್ತಾರೆ. ಇವರ ಗುಂಪಿಗೆ ಫ್ರೆಂಚರು ಬಸ್ಸು ಎನ್ನುತ್ತಾರಂತೆ. ಅವರ ಹಿಂದೆ, ಬಿಟ್ಟುಬಿಟ್ಟವರನ್ನು ಹತ್ತಿಸಿಕೊಳ್ಳುವ ಗಾಡಿ. ಅದಕ್ಕೆ ಕಸಬರಿಕೆಯ ಗಾಡಿ ಎಂದು ಹೆಸರು. ಬಸ್ಸಿನ ಕೊನೆಯಲ್ಲಿದ್ದ ಹುಡುಗನೊಬ್ಬ ಖಾಲಿ ಸೀಸೆಯನ್ನು ರಸ್ತೆಯ ಬದಿಗೆ ಎಸೆದ. ಒಂದು ಮಗು ಓಡಿಹೋಗಿ ಅದನ್ನು ಎತ್ತಿಕೊಂಡು ಎದೆಗಪ್ಪಿಕೊಂಡಿತು. ಗೆದ್ದವನ ಸೀಸೆಯೋ ಕೊನೆಯವನ ಸೀಸೆಯೋ ಎಂದು ಆ ಮಗು ಕೇಳಲಿಲ್ಲ.

ಅಂದು ಅದೇ ದಾರಿಯಲ್ಲಿ ಹಾದುಹೋದವರಲ್ಲಿ ರೋಮ್ಯಾಂ ಬಾರ್ದೇ ಎಂಬ ಫ್ರೆಂಚ್ ಸವಾರನೂ ಇದ್ದ. 2016ರ ಟೂರ್‌ನಲ್ಲಿ ಎರಡನೆಯವನು, ಮರುವರ್ಷ ಮೂರನೆಯವನು. ಅವನು ತನ್ನ ರಸ್ತೆಯ ಪಂದ್ಯಗಳಿಗೆಲ್ಲ ಈ ದೋಫಿನೇಯಲ್ಲಿ ಮುಕ್ತಾಯ ಹಾಡಲು ನಿಶ್ಚಯಿಸಿದ್ದ. ಆ ವಾರವೇ ಪಂದ್ಯದ ಒಂದು ಘಟ್ಟ ಅವನ ಹುಟ್ಟೂರಾದ ಬ್ರಿಯೂದಿನಿಂದ ಹೊರಟಿತ್ತು. ಮರುದಿನ, ಭಾನುವಾರ, ಮೋಂ ಸೆನಿಯ ಎತ್ತರದಲ್ಲಿ ಅವನು ಕೊನೆಯ ಗುರಿಯನ್ನು ದಾಟಿದ. ಉಳಿದವರಿಗೆ ಟೂರಿನ ತಯಾರಿಯಾಗಿದ್ದುದು ಅವನಿಗೆ ಯಾವುದರ ತಯಾರಿಯೂ ಆಗಿರಲಿಲ್ಲ. ದಾರಿ ಅದೇ, ಏರು ಅದೇ, ಎಂಟು ದಿನಗಳೂ ಅವೇ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬಾರದಿದ್ದರೆ ಈ ಭಾಷಣ ಅಪ್ರಾಮಾಣಿಕವಾದೀತು. ಮೂವತ್ತೈದು ವರ್ಷ ನಾನು ಕಾಲೇಜಿನಲ್ಲಿ ಕನ್ನಡ ಕಲಿಸಿದೆ. ನನ್ನ ತರಗತಿಯ ಬಹುಪಾಲು ಹುಡುಗರು ವಿಜ್ಞಾನದ ವಿದ್ಯಾರ್ಥಿಗಳು. ವೈದ್ಯರೋ ಎಂಜಿನಿಯರೋ ಆಗಬೇಕಾದವರು. ಅವರ ಪಾಲಿಗೆ ಕನ್ನಡದ ಗಂಟೆ ದಾರಿಯಲ್ಲಿ ಬಂದು ಹೋಗುವ ಒಂದು ನಿಲ್ದಾಣ. ಈ ಬಗ್ಗೆ ನಾನು ಸಹೋದ್ಯೋಗಿಗಳ ಮುಂದೆ ಎಷ್ಟು ಸಲ ಕೊರಗಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಯಾರಿಗೂ ಹೇಳದ ಇನ್ನೊಂದು ಸಂಗತಿಯಿದೆ. ನಾನೂ ಆ ಗಂಟೆಯನ್ನು ನಿಲ್ದಾಣವೆಂದೇ ತಿಳಿದಿದ್ದೆ. ನಡುಗನ್ನಡದ ಛಂದಸ್ಸನ್ನು ಕುರಿತು ಒಂದು ದೊಡ್ಡ ಗ್ರಂಥ ಬರೆಯಬೇಕೆಂಬುದು ನನ್ನ ಬಯಕೆ. ಟಿಪ್ಪಣಿಗಳೆಲ್ಲ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ತುಂಬಿದ್ದವು. ಪಾಠ, ಪರೀಕ್ಷೆ, ಮೌಲ್ಯಮಾಪನ ಎಲ್ಲವೂ ಮುಗಿದು ನಿವೃತ್ತಿ ಬಂದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿವೃತ್ತಿ 2018ರಲ್ಲಿ ಬಂತು. ಗ್ರಂಥ ಬರಲಿಲ್ಲ. ಪೆಟ್ಟಿಗೆಯ ಬೀಗ ತುಕ್ಕು ಹಿಡಿಯಿತು. ಆ ಏರಿನ ಬದಿಯಲ್ಲಿ ಕುಳಿತಿದ್ದಾಗ, ಹುಡುಗರ ಮೇಲೆ ನಾನು ಹೊರಿಸಿದ್ದ ಅಪವಾದದಲ್ಲಿ ನನ್ನ ಪಾಲೂ ಇತ್ತೆಂಬುದು ಮೊದಲ ಸಲ ಸ್ಪಷ್ಟವಾಗಿ ಕಂಡಿತು. ದೊಡ್ಡ ಪಂದ್ಯಕ್ಕೆ ಕಾಯುತ್ತಾ ನಾನು ಸಣ್ಣ ಪಂದ್ಯದಲ್ಲಿ ಮೂವತ್ತೈದು ವರ್ಷ ತುಳಿದಿದ್ದೆ.

ಇಳಿಯುವಾಗ ಮಗಳು ನನ್ನ ತೋಳು ಹಿಡಿದಿದ್ದಳು. ಅವಳೂ ನನ್ನ ಕಾಲೇಜಿನಲ್ಲೇ ಓದಿದವಳು. ನನ್ನ ತರಗತಿಯಲ್ಲೇ ಮೂರನೆಯ ಸಾಲಿನಲ್ಲಿ ಕೂರುತ್ತಿದ್ದಳು.

"ಅಪ್ಪ, ನಿಮ್ಮ ಪಾಠದಲ್ಲಿ ಪುಸ್ತಕದ ಕೆಳಗೆ ಇಟ್ಟುಕೊಂಡು ಕೆಮಿಸ್ಟ್ರಿ ಲೆಕ್ಕ ಮಾಡ್ತಿದ್ದೆ. ನಿಮಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತಮ್ಮ."

"ಮತ್ತೆ ಯಾಕೆ ಬೈಯಲಿಲ್ಲ?"

"ನಿನಗೆ ಮುಂದೆ ದೊಡ್ಡ ಪರೀಕ್ಷೆ ಇತ್ತಲ್ಲ."

ಅವಳು ಸ್ವಲ್ಪ ದೂರ ಮಾತಿಲ್ಲದೆ ನಡೆದಳು. "ಬೈಯಬೇಕಿತ್ತು" ಎಂದಳು. ಆಮೇಲೆ, "ಲೆಕ್ಕ ಮಾಡ್ತಿದ್ರೂ ಕಿವಿಗೆ ಬೀಳ್ತಿತ್ತಪ್ಪ. ಷಟ್ಪದಿ ಓದುವಾಗ ಮೂರನೇ ಸಾಲು ಉದ್ದ, ಅದರ ಕೊನೆಯ ಗುರುವಿನ ಮೇಲೆ ನಿಂತು ಉಸಿರು ತಗೊಳ್ಳಿ ಅಂತಿದ್ರಿ. ಇಲ್ಲಿ ಭಾನುವಾರ ಸೈಕಲ್ಲಲ್ಲಿ ಬೆಟ್ಟ ಹತ್ತುವಾಗ ನಾನು ಹಾಗೇ ಎಣಿಸ್ತೀನಿ. ಎರಡು ಸಣ್ಣ ಸಾಲು, ಒಂದು ಉದ್ದ ಸಾಲು, ಉಸಿರು" ಎಂದಳು.

ನಾನು ಏನೂ ಹೇಳಲಿಲ್ಲ. ಛಂದಸ್ಸಿನ ಗ್ರಂಥದಲ್ಲಿ ಈ ಉಪಯೋಗವನ್ನು ನಮೂದಿಸುವ ಯೋಚನೆ ನನಗೆ ಎಂದೂ ಬಂದಿರಲಿಲ್ಲ.

ಕೊನೆಯದಾಗಿ ಒಂದು ಮಾತು. ನಾನು ನೋಡಿದ ಪಂದ್ಯ ಆ ಹೆಸರಿನ ಕೊನೆಯ ಪಂದ್ಯವಾಗಿತ್ತು. ಪಂದ್ಯದ ಆಡಳಿತ ಟೂರ್ ನಡೆಸುವವರ ಕೈಗೆ ಹೋದ ಮೇಲೆ, 2010ರಲ್ಲಿ, ಲಿಬೇರೇ ಎಂಬ ಮಾತು ಉದುರಿತ್ತು. 2026ರಿಂದ ದೋಫಿನೇ ಎಂಬ ಮಾತೂ ಹೋಗಿ, ಇಂದಿನ ಆಡಳಿತ ಪ್ರಾಂತದ ಹೆಸರಿನಿಂದ ಅದು ಓವೇರ್ನ್ಯ್-ರೋನ್-ಆಲ್ಪ್ ಪ್ರವಾಸಪಂದ್ಯವಾಯಿತು. ನಮ್ಮ ಮುದುಕರಿಗೆ ಇದರಿಂದ ಬಹಳ ನೋವಾಗಿತ್ತು. ನನಗೂ ಆಯಿತು. ಆದರೆ ಹೆಸರು ಬದಲಾದದ್ದಕ್ಕೆಲ್ಲ ಅಳಲು ನನಗೆ ಅಧಿಕಾರವಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದಾಗ, ಅಂಗಿಗೆ ಬಾವುಟ ಚುಚ್ಚಿಕೊಂಡು ಬೀದಿಯಲ್ಲಿ ಕುಣಿದ ಶಾಲೆಯ ಹುಡುಗರಲ್ಲಿ ನಾನೂ ಒಬ್ಬ. ಅಂದು ನಮಗೆ ನಮ್ಮ ಹೆಸರು ಸಿಕ್ಕಿತ್ತು. ಇವರಿಗೆ ತಮ್ಮದು ಹೋಯಿತು. ಎರಡೂ ಒಂದೇ ಅಲ್ಲ. ಅದೇನೇ ಇರಲಿ, ಇನೋ ಬಿದ್ದ ಕಮರಿ ಹೆಸರು ಬದಲಾಯಿತೆಂದು ಮುಚ್ಚಿಹೋಗುವುದಿಲ್ಲ. ರಾಮಿರೆಸ್ ಕಾಪಾಡಿಕೊಂಡ ಆ ಕೆಲವು ಸೆಕೆಂಡುಗಳನ್ನು ಇನ್ನು ಯಾರೂ ಅವನಿಂದ ಕಸಿಯಲಾರರು. ನಡೆದದ್ದು ಪೂರ್ತಿಯಾಗಿ ನಡೆದಿತ್ತು.

ಊರಿಗೆ ಬಂದ ಮೇಲೆ ಪೆಟ್ಟಿಗೆಯ ಬೀಗಕ್ಕೆ ಎಣ್ಣೆ ಬಿಟ್ಟು ತೆರೆದಿದ್ದೇನೆ. ಟಿಪ್ಪಣಿಗಳ ಅಂಚಿನಲ್ಲೆಲ್ಲ ತರಗತಿಯ ದಿನಾಂಕಗಳಿವೆ, ಹುಡುಗರು ಕೇಳಿದ ಪ್ರಶ್ನೆಗಳಿವೆ. ಅವನ್ನು ಬರೆದುಕೊಂಡಿದ್ದೆನೆಂಬುದೇ ನನಗೆ ಮರೆತುಹೋಗಿತ್ತು. ಗ್ರಂಥವಾಗುತ್ತದೆಯೋ ಇಲ್ಲವೋ ಹೇಳಲಾರೆ. ಸದ್ಯಕ್ಕೆ ಆ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತಿದ್ದೇನೆ. ಆಕಾಶವಾಣಿಯವರು ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಇಷ್ಟು ಹೊತ್ತು ಆಡಿದ ಮಾತನ್ನು ಮುಂದಿನ ಯಾವ ದೊಡ್ಡ ಮಾತಿಗೂ ಪೀಠಿಕೆಯೆಂದು ನಾನು ಭಾವಿಸಿಲ್ಲ. ಕೇಳಿದವರೂ ಹಾಗೆ ಭಾವಿಸಬಾರದೆಂದು ನನ್ನ ಪ್ರಾರ್ಥನೆ.